ಅಪ್‌ಡೇಟ್: ಹಳೇ ಬಾಸ್ ಕೊನೆಗೂ ಸಹಿ ಹಾಕಿದರು

ನಾನು ಕೆನಡಾದ ಒಂಟಾರಿಯೋದಲ್ಲಿ ಪ್ಲಂಬಿಂಗ್ ಅಪ್ರೆಂಟಿಸ್. ಕೆಲಸ ಬದಲಾಯಿಸಿದ ಮೇಲೆ ಹಳೇ ಕಡೆಯ ಹದಿನಾಲ್ಕು ತಿಂಗಳ ಗಂಟೆಗಳು ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆ. ಅಪ್ರೆಂಟಿಸ್‌ಶಿಪ್ ಮುಗಿಸೋಕೆ ಇಲ್ಲಿ ಒಟ್ಟು 9,000 ಗಂಟೆ ಆಗಬೇಕು. ಅದರಲ್ಲಿ 720 ಮಾತ್ರ ಕ್ಲಾಸಿನದು, ಉಳಿದ 8,280 ಕೆಲಸದ್ದೇ. ಹಾಗಾಗಿ ಹೊಟ್ಟೆ ಉರಿದಿತ್ತು.

"ಪೇ ಸ್ಲಿಪ್ ತೆಗೆದು ಕೂಡಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ಎರಡು ರಾತ್ರಿ ಕೂತು ಕೂಡಿಸಿದೆ. 2,514 ಗಂಟೆ ಬಂತು. ಬಾಸ್ ಬಾಯಿಮಾತಿನಲ್ಲಿ ಹೇಳಿದ್ದು 2,100! ಓವರ್‌ಟೈಮ್ ಪೂರ್ತಿ ಮರೆತಿದ್ದರು. (ಮರೆತರೋ, ಸುಮ್ನೆ ಬಿಟ್ಟರೋ.) ಜಗಳ ಆಡಲಿಲ್ಲ, ಹಾಳೆ ಮುಂದಿಟ್ಟೆ. ಸ್ವಲ್ಪ ಗೊಣಗಿ ಸಹಿ ಹಾಕಿದರು.

ಗಂಟೆ ಸಿಕ್ಕಿತು, ಆದರೆ ಕಲಿತ ಕೆಲಸಗಳನ್ನು ದಾಖಲಿಸುವ ಲಾಗ್‌ಬುಕ್ ಇನ್ನೂ ಅರ್ಧ. ಯಾವ ಕೆಲಸ ಕಲಿತೆ ಅನ್ನೋದಕ್ಕೆ ಬೇರೆ ಸಹಿ ಬೇಕಲ್ವಾ? ವೆಂಟ್ ಪೈಪ್ (ಕೊಳಚೆ ಪೈಪಿಗೆ ಗಾಳಿ ಆಡಲು ಹಾಕುವ ಪೈಪ್) ಕೆಲಸ ಕಲಿಸಿದ ಹಿರಿಯರು ಈಗ ಎಲ್ಲಿದ್ದಾರೋ. ಅದನ್ನು ಹೊಸ ಕಡೆ ಮತ್ತೆ ಮಾಡಿ ತೋರಿಸುತ್ತಿದ್ದೇನೆ.

ಈಗ ದಿನಾ ವ್ಯಾನ್ ಇಳಿಯುವ ಮೊದಲೇ ಸೈಟು, ಗಂಟೆ, ಮಾಡಿದ ಕೆಲಸ ಬರೆಯುತ್ತೇನೆ, ಅಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ. ಶುಕ್ರವಾರ ಅದರ ಫೋಟೋ ಹೊಸ ಬಾಸ್‌ಗೆ ಹೋಗುತ್ತದೆ. ಅವರು ಬರೀ ಹೆಬ್ಬೆಟ್ಟಿನ ಇಮೋಜಿ ಕಳಿಸುತ್ತಾರೆ. ನನಗೆ ಅಷ್ಟು ಸಾಕು.