ವೆಚ್ಚ ‘ವಿಧಿಸುವುದೋ’, ‘ಕೊಡಿಸುವುದೋ’?

ಇಂಗ್ಲೆಂಡಿನ ಮನೆ ಮಾಲೀಕರು ಮತ್ತು ಬಾಡಿಗೆದಾರರ ವ್ಯಾಜ್ಯಗಳ ಬಗೆಗಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾಸ್ಟ್ಸ್’ (ಮೊಕದ್ದಮೆ ನಡೆಸಲು ತಗಲುವ ಖರ್ಚು) ಎಂಬ ಒಂದು ಪದ ಮೂರು ದಿನಗಳಿಂದ ಕೈ ಕಟ್ಟಿಹಾಕಿದೆ.

ಎದುರು ಪಕ್ಷದ ವಕೀಲರ ಶುಲ್ಕ ಮೊದಲಾದವನ್ನು ತೆರುವಂತೆ ಆದೇಶವಾದಾಗ ಪತ್ರಿಕೆಗಳಲ್ಲಿ ಎಷ್ಟೋ ಸಲ ‘ದಂಡ ವಿಧಿಸಿತು’ ಎಂದೇ ಅಚ್ಚಾಗುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ದಂಡ ಬೊಕ್ಕಸಕ್ಕೆ ಹೋಗುತ್ತದೆ. ಈ ಹಣ ಎದುರಾಳಿಯ ಕೈಸೇರಿ, ಅವನ ಕೈಬಿಟ್ಟು ಹೋದದ್ದನ್ನು ತುಂಬಿಕೊಡುತ್ತದೆ. ‘ವೆಚ್ಚ ವಿಧಿಸು’ ಎಂದರೂ ‘ವಿಧಿಸು’ವಿನಲ್ಲಿ ಶಿಕ್ಷೆಯ, ತೆರಿಗೆಯ ವಾಸನೆ ಉಳಿಯುತ್ತದೆ. ‘ದಾವಾ ಖರ್ಚು ಕೊಡಿಸಬೇಕೆಂದು ಪ್ರಾರ್ಥನೆ’ ಎಂಬ ನಮ್ಮ ಅರ್ಜಿಗಳ ಧಾಟಿ ಎಷ್ಟು ಸೊಗಸಾಗಿದೆ ನೋಡಿ! ಕೊಡುವವನು ಒಬ್ಬ, ಪಡೆಯುವವನು ಇನ್ನೊಬ್ಬ, ನಡುವೆ ನಿಂತು ಕೊಡುವಂತೆ ಮಾಡುವುದು ನ್ಯಾಯಪೀಠ. ‘ಇಸು’ ಪ್ರತ್ಯಯವೊಂದೇ ಇಷ್ಟನ್ನೂ ಹೇಳಿಬಿಡುತ್ತದೆ.

ಆದರೆ ಸೋತವರು ಗೆದ್ದವರ ವೆಚ್ಚ ಭರಿಸಬೇಕೆಂಬ ಸಾಮಾನ್ಯ ನಿಯಮ ಇರುವುದು ಸಿವಿಲ್ ಕೋರ್ಟಿನಲ್ಲಿ; ಇಂಥ ವ್ಯಾಜ್ಯಗಳನ್ನು ವಿಚಾರಿಸುವ ಅಲ್ಲಿನ ನ್ಯಾಯಮಂಡಳಿಯಲ್ಲಿ (ಟ್ರಿಬ್ಯೂನಲ್) ಅದಿಲ್ಲ. ಅವರವರ ಖರ್ಚು ಅವರವರಿಗೆ. ಆದರೂ ಆ ಮಂಡಳಿಯ 2013ರ ನಿಯಮಾವಳಿಯ 13ನೇ ನಿಯಮದಂತೆ, ಪ್ರಕರಣ ಹೂಡುವಲ್ಲಿ, ಎದುರಿಸುವಲ್ಲಿ ಅಥವಾ ನಡೆಸುವಲ್ಲಿ ‘ಅನ್‌ರೀಸನಬಲ್’ ಆಗಿ ನಡೆದುಕೊಂಡವರಿಂದ ವೆಚ್ಚ ಕೊಡಿಸಬಹುದು. ಇದಕ್ಕೆ ‘ಅವಿವೇಕದ’ ಎಂದರೆ ಬೈದಂತಾಗುತ್ತದೆ, ‘ಅನುಚಿತ’ ಎಂದರೆ ಸಭ್ಯತೆಯ ಮಾತಾಗುತ್ತದೆ. ಈ ನಿಯಮವನ್ನು ಬಿಡಿಸಿ ಹೇಳಿದ, 2016ರ ‘ವಿಲ್ಲೋ ಕೋರ್ಟ್’ ಎಂಬ ಪ್ರಕರಣದ ತೀರ್ಪು ಕೇಳುವುದು, ಆ ನಡತೆಗೆ ಒಪ್ಪುವಂಥ ವಿವರಣೆ ಇದೆಯೇ ಎಂದು. ಹಾಗಾಗಿ ‘ಅಸಮಂಜಸ’ ಎಂದು ಇಟ್ಟುಕೊಂಡಿದ್ದೇನೆ. ‘ಸಮಂಜಸ ವಿವರಣೆ’ ಎಂಬುದು ಅದರ ಜೊತೆಗೆ ತಾನಾಗಿ ಹೊಂದುತ್ತದೆ.

ನಿಜವಾದ ತೊಡಕು ಅಲ್ಲಿನ 1985ರ ಮಾಲೀಕ-ಬಾಡಿಗೆದಾರರ ಕಾಯ್ದೆಯ 20ಸಿ ಕಲಮಿನದು. ಕೆಲವು ಕರಾರುಗಳಲ್ಲಿ ಮಾಲೀಕರು ತಮ್ಮ ವ್ಯಾಜ್ಯದ ಖರ್ಚನ್ನು ಕಟ್ಟಡದ ಸೇವಾ ಶುಲ್ಕಕ್ಕೆ ಸೇರಿಸಿ, ನಿವಾಸಿಗಳಿಂದಲೇ ವಸೂಲು ಮಾಡಲು ಅವಕಾಶವಿರುತ್ತದೆ. ಹಾಗೆ ಸೇರಿಸದಂತೆ ತಡೆಯಲು ಬಾಡಿಗೆದಾರರು ಈ ಕಲಮಿನಡಿ ಅರ್ಜಿ ಹಾಕಬಹುದು. ನನ್ನ ಕರಡಿನ ಒಂದು ಸಾಲು: ‘ಚಾವಣಿ ರಿಪೇರಿಯ ವೆಚ್ಚ ಒಪ್ಪಲಾಗಿದೆ, ವೆಚ್ಚ ಸೇರಿಸುವಂತಿಲ್ಲ.’ ಓದುವವರು ಎಡವುವುದು ಖಂಡಿತ. ಆದ್ದರಿಂದ ರಿಪೇರಿಗೆ ‘ವೆಚ್ಚ’, ಮೊಕದ್ದಮೆಗೆ ‘ವ್ಯಾಜ್ಯಖರ್ಚು’ ಎಂದು ಪುಸ್ತಕದುದ್ದಕ್ಕೂ ಬೇರ್ಪಡಿಸುವ ಯೋಚನೆಯಿದೆ. ಸಂಸ್ಕೃತದ ‘ವ್ಯಾಜ್ಯ’ಕ್ಕೆ ಪಾರಸಿಯ ‘ಖರ್ಚು’ ಜೋಡಿಸಿದ್ದು ಕಿವಿಗೆ ಒರಟಾಗಿದೆಯೇ? ನ್ಯಾಯಮಂಡಳಿಯ ಮುಂದಿರುವುದು ಬಹುಪಾಲು ದಾವೆಯಲ್ಲ, ಅರ್ಜಿ. ಅಲ್ಲಿಯೂ ‘ದಾವಾ ಖರ್ಚು’ ಸಲ್ಲುತ್ತದೆಯೇ? ಕೋರ್ಟಿನ ಕನ್ನಡದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ.