ಒಬ್ಬರ ಕೆಲಸ ಗೋಕುಲ ರಸ್ತೆಯಲ್ಲಿ, ಇನ್ನೊಬ್ಬರದು ಧಾರವಾಡದಲ್ಲಿ: ಮನೆ ಎಲ್ಲಿ ಹಿಡಿಯುವುದು?

ಗದಗಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ಹೊತ್ತಿಗೆ ನಾವು ಗದಗದಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸಬೇಕಾಗಿದೆ. ನಮ್ಮ ಮನೆಯವರಿಗೆ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಕಡೆಗಿರುವ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ನಾನು ಪಾಠ ಹೇಳಬೇಕಾದ ಕಾಲೇಜು ಧಾರವಾಡದ ಕೋರ್ಟ್ ಸರ್ಕಲ್ ಸಮೀಪದಲ್ಲಿದೆ. ಮಗಳು ಈ ವರ್ಷ ಒಂದನೆಯ ತರಗತಿಗೆ ಸೇರುವವಳು. ಅತ್ತೆಯವರೂ ನಮ್ಮೊಂದಿಗೇ ಇರುತ್ತಾರೆ. ಮೊಣಕಾಲು ನೋವಿನಿಂದಾಗಿ ಅವರಿಗೆ ಮೆಟ್ಟಿಲು ಹತ್ತುವುದು ಆಗುವುದಿಲ್ಲ.

ಬಂಧುಗಳು ಊರಿಗೆ ಹೋಗಿಬರಲು ಗದಗ ರಸ್ತೆ ಹತ್ತಿರವೆಂದು ಕೇಶ್ವಾಪುರವನ್ನು ಹೇಳುತ್ತಾರೆ, ನನ್ನ ಕಾಲೇಜಿನವರು ಸಪ್ತಾಪುರವೆನ್ನುತ್ತಾರೆ, ಮನೆಯವರ ಗೆಳೆಯರು ಅಕ್ಷಯ ಪಾರ್ಕ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಪ್ರತಿಯೊಬ್ಬರೂ ತಾವಿರುವ ಓಣಿಯನ್ನೇ ಹೊಗಳುತ್ತಿದ್ದಾರೆಂದು ನನ್ನ ಗುಮಾನಿ. ಎರಡು ಮೂರು ವರ್ಷ ಬಾಡಿಗೆಗಿದ್ದು, ಅನಂತರ ಅದೇ ಕಡೆ ಒಂದು ಪ್ಲಾಟು ಕೊಳ್ಳಬೇಕೆಂಬ ವಿಚಾರವಿದೆ. ಇಬ್ಬರ ಓಡಾಟ, ಮಗುವಿನ ಶಾಲೆ, ಹಿರಿಯರ ಆಸ್ಪತ್ರೆ, ಇವೆಲ್ಲವನ್ನೂ ನೋಡಿ ಎಲ್ಲಿಂದ ಹುಡುಕಾಟ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉಣಕಲ್ ನಿವಾಸಿ

ಮೇಡಂ ಅವರೇ, ಬಡಾವಣೆಯ ಹೆಸರಿನಿಂದ ಆರಂಭಿಸಬೇಡಿ, ಚಿಗರಿ ಬಸ್ಸಿನ ನಿಲ್ದಾಣದಿಂದ ಆರಂಭಿಸಿ. ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಬಸ್ಸಿಗೆಂದೇ ಬೇರೆ ಪಥವಿದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಾಟ ಆರಂಭಿಸಿದ ಈ ಬಸ್ಸುಗಳು 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡವು. ಅಲ್ಲಿಂದೀಚೆಗೆ ಇಲ್ಲಿಯ ನೌಕರದಾರರು ಮನೆ ಹುಡುಕುವ ರೀತಿಯೇ ಬದಲಾಗಿದೆ. ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ಸತ್ತೂರು, ವಿದ್ಯಾಗಿರಿ, ಟೋಲ್ ನಾಕಾ ಎಲ್ಲವೂ ಈ ಒಂದೇ ದಾರಿಯ ಮೇಲಿವೆ ಮತ್ತು ನಿಮ್ಮ ಕೋರ್ಟ್ ಸರ್ಕಲ್ಲಿನಲ್ಲಿಯೂ ನಿಲ್ದಾಣವಿದೆ. ಒಂದು ಮಾತು ಮಾತ್ರ ಗಮನದಲ್ಲಿರಲಿ: ವೇಗದ ಬಸ್ಸು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗ ನಿಮ್ಮ ನಿಲ್ದಾಣದಲ್ಲಿ ಯಾವ ಬಸ್ಸು ನಿಲ್ಲುತ್ತದೆಂಬುದನ್ನು ಬೆಳಗಿನ ಹೊತ್ತಿನಲ್ಲಿ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ನಿಮ್ಮ ತೊಡಕು ಇರುವುದು ಗೋಕುಲ ರಸ್ತೆಯಲ್ಲಿ. ಅದು ಈ ಪಥದ ಮೇಲೆ ಇಲ್ಲ. ಹೊಸೂರಿನಲ್ಲಿ ಇಳಿದು ಬೇರೆ ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಕೇಶ್ವಾಪುರದಲ್ಲಿ ಮನೆ ಮಾಡಿದರೆ ನೀವಿಬ್ಬರೂ ದಿನಾಲು ಚೆನ್ನಮ್ಮ ವೃತ್ತದ ಕಡೆಯ ಗದ್ದಲವನ್ನು ದಾಟಬೇಕು, ಅಲ್ಲಿಯ ಮೇಲ್ಸೇತುವೆಯ ಕಾಮಗಾರಿಯ ಕಷ್ಟವನ್ನು ಊರಿನವರೇ ಬಲ್ಲರು. ಅಕ್ಷಯ ಪಾರ್ಕಿನಲ್ಲಿ ಮಾಡಿದರೆ ನಿಮ್ಮ ಮನೆಯವರಿಗೆ ಸುಖ, ನಿಮಗಲ್ಲ. ನನ್ನ ದೃಷ್ಟಿಯಲ್ಲಿ ವಿದ್ಯಾನಗರದ ಶಿರೂರ ಪಾರ್ಕ್ ಮತ್ತು ತೋಳನಕೆರೆಯ ಆಸುಪಾಸು ನಿಮಗೆ ಸರಿಹೊಂದುತ್ತದೆ, ಏಕೆಂದರೆ ಅಲ್ಲಿಂದ ನೀವು ನಡೆದೇ ಬಿವಿಬಿ ಕಾಲೇಜಿನ ಕಡೆಯ ನಿಲ್ದಾಣಕ್ಕೆ ಬರಬಹುದು ಮತ್ತು ನಿಮ್ಮ ಮನೆಯವರು ಹೆದ್ದಾರಿಗೆ ಬಾರದೆಯೇ ತೋಳನಕೆರೆಯ ದಾರಿಯಿಂದ ಸ್ಕೂಟರಿನಲ್ಲಿ ಗೋಕುಲ ರಸ್ತೆಯನ್ನು ಸೇರಬಹುದು. ಕಿಮ್ಸ್ ಆಸ್ಪತ್ರೆಯೂ ಅಲ್ಲಿಯೇ ಇದೆ. ಬಾಡಿಗೆ ಹೆಚ್ಚು, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಪೈಪೋಟಿ ಇನ್ನೂ ಹೆಚ್ಚು. ಆದರೆ ಕುಟುಂಬಕ್ಕೆ ಮನೆ ಕೊಡಲು ಇಷ್ಟಪಡುವ ಮಾಲೀಕರು ಸಾಕಷ್ಟಿದ್ದಾರೆ.

ನಡುವೆ ಇದೆಯೆಂದು ನವನಗರವನ್ನು ಯಾರಾದರೂ ಸೂಚಿಸಬಹುದು. ಇಬ್ಬರೂ ಅರ್ಧರ್ಧ ದಾರಿ ಓಡಾಡುವ ಈ ರಾಜಿಯಿಂದ ಯಾರಿಗೂ ಲಾಭವಿಲ್ಲವೆಂದು ನನಗನ್ನಿಸುತ್ತದೆ.

ಕಲ್ಯಾಣನಗರದ ನಿವೃತ್ತ ಶಿಕ್ಷಕ

ತಂಗಿ, ಹುಬ್ಬಳ್ಳಿಯವರು ಬಸ್ಸಿನ ಲೆಕ್ಕವನ್ನು ಚೆನ್ನಾಗಿಯೇ ಹೇಳಿದ್ದಾರೆ. ಆದರೆ ದಿನದಲ್ಲಿ ಎರಡು ತಾಸು ಬಸ್ಸಿನಲ್ಲಿರುವವರು ನೀವಿಬ್ಬರು ಮಾತ್ರ. ಉಳಿದ ಹೊತ್ತೆಲ್ಲ ಆ ಓಣಿಯಲ್ಲಿ ಕಳೆಯುವವರು ನಿಮ್ಮ ಮಗಳು ಮತ್ತು ಅತ್ತೆಯವರು. ಅವರ ಕಡೆಯಿಂದ ನೋಡಿದರೆ ಧಾರವಾಡವೇ ಮೇಲು. ಇಲ್ಲಿಯ ಹವೆ ಮಲೆನಾಡಿನ ಸೆರಗಿನದು, ಮಳೆ ಹುಬ್ಬಳ್ಳಿಗಿಂತ ತುಸು ಹೆಚ್ಚು, ಹಳೆಯ ಬಡಾವಣೆಗಳಲ್ಲಿ ಮರಗಳು ಇನ್ನೂ ಉಳಿದಿವೆ. ಮಾಳಮಡ್ಡಿಯಲ್ಲಾಗಲಿ ವಿದ್ಯಾಗಿರಿಯಲ್ಲಾಗಲಿ ಮಕ್ಕಳು ನಡೆದು ಹೋಗುವಷ್ಟು ಸಮೀಪದಲ್ಲಿ ಹಳೆಯ ವಿದ್ಯಾಸಂಸ್ಥೆಗಳಿವೆ. ಸಂಜೆ ಕೆಲಗೇರಿ ಕೆರೆಯ ದಂಡೆ, ಸಾಧನಕೇರಿ, ರವಿವಾರ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ಒಂದು ಕಾರ್ಯಕ್ರಮ: ಮಗು ಇಂಥ ಊರಿನಲ್ಲಿ ಬೆಳೆಯಬೇಕು ಎಂಬ ನನ್ನ ಪಕ್ಷಪಾತವನ್ನು ನಾನು ಮುಚ್ಚಿಡುವುದಿಲ್ಲ.

ಸಪ್ತಾಪುರದ ವಿಷಯದಲ್ಲಿ ಮಾತ್ರ ನಿಮ್ಮ ಸಹೋದ್ಯೋಗಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಅದು ಒಂದು ಕಾಲಕ್ಕೆ ಪ್ರಾಧ್ಯಾಪಕರ ಶಾಂತ ಬಡಾವಣೆ. ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಅವುಗಳಿಗಾಗಿ ಕೋಣೆ ಕೋಣೆಯಾಗಿ ಒಡೆದ ಮನೆಗಳು, ಖಾನಾವಳಿಗಳು, ರಾತ್ರಿ ಹನ್ನೊಂದಕ್ಕೂ ತುಂಬಿರುವ ಚಹಾದಂಗಡಿಗಳು. ಓದುವ ಹುಡುಗರಿಗೆ ಅದು ಸರಿಯಾದ ಜಾಗ, ಮೊಣಕಾಲು ನೋವಿನ ಹಿರಿಯರಿಗೆ ಅಲ್ಲ. ಕಲ್ಯಾಣನಗರ, ನಾರಾಯಣಪುರ, ಜಯನಗರಗಳನ್ನು ನೋಡಿ. ಅತ್ತೆಯವರ ಚಿಕಿತ್ಸೆಗೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯೂ ಚಿಗರಿಯ ದಾರಿಯಲ್ಲಿಯೇ ಇದೆ. ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ, ಐಐಟಿ ಬಂದದ್ದು 2016ರಲ್ಲಿ. ಅಂದಿನಿಂದ ಇಲ್ಲಿಯೂ ಮನೆ ಅಗ್ಗವಾಗಿ ಸಿಗುತ್ತದೆಂದು ಹೇಳಲಾರೆ. 1962ರಿಂದ ಎರಡೂ ಊರುಗಳಿಗೆ ಒಂದೇ ಪಾಲಿಕೆ ಇತ್ತು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿರುವುದರಿಂದ ಮುಂದೆ ಪ್ಲಾಟು ಕೊಳ್ಳುವಾಗ ಯಾವ ಕಚೇರಿಯಲ್ಲಿ ಕಾಗದಪತ್ರವೆಂಬುದನ್ನೂ ವಿಚಾರಿಸಿಕೊಳ್ಳಿ.

ನವನಗರದವರು

ಉಣಕಲ್ಲಿನ ಸರ್ ನವನಗರವನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಅಗಲವಾದ ಅಡ್ಡರಸ್ತೆಗಳು, ಅಂಗಳವಿರುವ ಬಿಡಿ ಮನೆಗಳು, ನೆಲಮಹಡಿಯಲ್ಲಿ ಹಿರಿಯರಿಗೆ ಒಂದು ಕೋಣೆ, ಇಷ್ಟನ್ನೂ ವಿದ್ಯಾನಗರದಲ್ಲಿ ಇದೇ ಬಾಡಿಗೆಗೆ ಯಾರು ಕೊಡುತ್ತಾರೆ? ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿ ಇಲ್ಲಿವೆ. ಸಂಜೆಯ ಮಾರುಕಟ್ಟೆ ಸಣ್ಣದೆಂಬುದು ನಿಜ, ಹಬ್ಬದ ಖರೀದಿಗೆ ನಾವೂ ದುರ್ಗದಬೈಲಿಗೇ ಹೋಗುತ್ತೇವೆ.

ಕಟ್ಟಡ ಇಂಜಿನಿಯರ್

ಮೂವರೂ ಬಡಾವಣೆಯ ಮಾತಾಡಿದರು, ನೀರಿನ ಮಾತು ಯಾರೂ ಎತ್ತಲಿಲ್ಲ. ಈ ಅವಳಿನಗರಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದಿಂದ, ಸ್ವಲ್ಪ ಪಾಲು ನೀರಸಾಗರದಿಂದ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ತನಾಲ್ಕು ತಾಸೂ ನೀರು ಕೊಡಲಾರಂಭಿಸಿದರು; ಹಲವು ಕಡೆ ಮಾತ್ರ ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಪರಿಸ್ಥಿತಿ ಮುಂದುವರಿಯಿತು. ಹೀಗಾಗಿ ಒಂದೇ ಬಡಾವಣೆಯ ಎರಡು ಓಣಿಗಳ ನಡುವೆ ಕೂಡ ವ್ಯತ್ಯಾಸವಿರಬಹುದು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮನೆಯ ಮಾಲೀಕರನ್ನು ಕೇಳುವುದಕ್ಕಿಂತ ಎದುರು ಮನೆಯ ತಾಯಂದಿರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ನೆಲದಡಿಯ ಟಾಕಿಯ ಮುಚ್ಚಳ ತೆಗೆಸಿ ಆಳ ನೋಡಿ. ಅದು ನಿಮಗೊಬ್ಬರಿಗೋ, ಮೇಲಿನ ಬಾಡಿಗೆದಾರರಿಗೂ ಸೇರಿಯೋ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಪ್ಲಾಟು ಕೊಳ್ಳುವ ವಿಚಾರವಿರುವುದರಿಂದ ಮಣ್ಣಿನ ಬಗ್ಗೆಯೂ ಹೇಳುತ್ತೇನೆ. ಕೇಶ್ವಾಪುರದಿಂದ ಕುಸುಗಲ್ ಮತ್ತು ಗದಗ ರಸ್ತೆಯ ಕಡೆಗೆ ಹೋದಂತೆ ಎರೆಭೂಮಿ ಹೆಚ್ಚುತ್ತದೆ, ಧಾರವಾಡದ ಪಶ್ಚಿಮಕ್ಕೆ ಹೋದಂತೆ ಕೆಂಪು ಮಣ್ಣು ಸಿಗುತ್ತದೆ. ನೀವು ಗದಗಿನವರಾದ್ದರಿಂದ ಎರೆಯ ಸ್ವಭಾವವನ್ನು ಬಲ್ಲಿರಿ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿದ ಮನೆಯಲ್ಲಿ ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳು ಹೊರಡುತ್ತವೆ. ಎಷ್ಟು ಸಲ ಬಣ್ಣ ಹಚ್ಚಿದರೂ ಮರುವರ್ಷ ಅಲ್ಲಿಯೇ ಕಾಣಿಸಿಕೊಳ್ಳುತ್ತವೆ. ಗಟ್ಟಿ ಗರಸು ಸಿಗುವವರೆಗೆ ಅಗೆದು, ತಳಪಾಯದ ಮೇಲೆ ಸುತ್ತಲೂ ಕಾಂಕ್ರೀಟಿನ ಬೀಮು ಕಟ್ಟಿ, ಎರೆಮಣ್ಣನ್ನು ಹೊರಗೆ ಸಾಗಿಸಿ ಒಳಗೆ ಗರಸನ್ನೇ ತುಂಬಿದರೆ ಅಂಜಿಕೆಯಿಲ್ಲ. ಆದರೆ ಆ ಖರ್ಚನ್ನು ಪ್ಲಾಟಿನ ಬೆಲೆಗೆ ಸೇರಿಸಿ ನೋಡಿದಾಗ ಅಗ್ಗವೆನಿಸಿದ ಜಾಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ.

ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಹೊರಟು ಊರ ನಡುವೆ ಹಾಯುವ ನಾಲಾ ಇನ್ನೊಂದು ಮುಖ್ಯ ವಿಷಯ. ಅದರ ದಂಡೆಯ ತಗ್ಗಿನ ಓಣಿಗಳಲ್ಲಿ ಬೇಸಿಗೆಯಲ್ಲಿ ವಾಸನೆ, ದೊಡ್ಡ ಮಳೆಯಲ್ಲಿ ನೀರು. ನೀವು ಮಳೆಗೆ ಮುಂಚೆಯೇ ಮನೆ ನೋಡುವವರಾದ್ದರಿಂದ ಕಂಪೌಂಡ್ ಗೋಡೆಯ ಕೆಳಭಾಗದಲ್ಲಿ ನೀರು ನಿಂತ ಗುರುತಿದೆಯೇ ಎಂದು ಪರೀಕ್ಷಿಸಿ.

ಕಾಗದಪತ್ರದಲ್ಲಿ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಒಪ್ಪಿಗೆಯ) ಆದೇಶ, ಹುಡಾ ಒಪ್ಪಿದ ಲೇಔಟಿನ ನಕ್ಷೆ, ನಿಮ್ಮ ಪ್ಲಾಟಿನ ಸಂಖ್ಯೆಯನ್ನು ಹುಡಾ ಬಿಡುಗಡೆ ಮಾಡಿದ ಪತ್ರ, ಇ-ಆಸ್ತಿ (ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ), ಹಿಂದಿನ ಮೂವತ್ತು ವರ್ಷಗಳ ಋಣಭಾರ ಪತ್ರ, ಇಷ್ಟೂ ಇರಲೇಬೇಕು. ಬಿಡುಗಡೆಯ ಪತ್ರವನ್ನು ಅನೇಕರು ಕೇಳುವುದೇ ಇಲ್ಲ. ರಸ್ತೆ, ಗಟಾರು, ವಿದ್ಯುತ್ತಿನ ಕೆಲಸ ಮುಗಿದಂತೆ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುವುದರಿಂದ, ನಕ್ಷೆ ಒಪ್ಪಿಗೆಯಾಗಿದೆ ಎಂದ ಮಾತ್ರಕ್ಕೆ ಎಲ್ಲ ಪ್ಲಾಟುಗಳೂ ಮಾರಾಟಕ್ಕೆ ಸಿದ್ಧವಾಗಿವೆಯೆಂದು ಅರ್ಥವಲ್ಲ. ಲೇಔಟಿನ ಒಪ್ಪಿಗೆಯಿಲ್ಲದೆ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಒಡೆದು ಬಾಂಡ್ ಪೇಪರಿನ ಮೇಲೆ ಮಾರುವ ಗುಂಟಾ ಪ್ಲಾಟುಗಳ ಸಹವಾಸವೇ ಬೇಡ.

ಗದಗಿನ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಮನೆಯವರೊಂದಿಗೆ ಮಾತಾಡಿದೆ. ಅವರು ರಾತ್ರಿ ಪಾಳಿಯ ದಿನಗಳಲ್ಲಿ ತಡವಾಗಿ ಮರಳುವುದರಿಂದ ಮೊದಲು ಶಿರೂರ ಪಾರ್ಕ್ ಮತ್ತು ತೋಳನಕೆರೆಯ ಕಡೆ ನೆಲಮಹಡಿಯ ಮನೆ ಹುಡುಕುವುದೆಂದು, ಸಿಗದಿದ್ದರೆ ನವನಗರವೆಂದು ನಿರ್ಧರಿಸಿದ್ದೇವೆ. ಕಲ್ಯಾಣನಗರದ ಗುರುಗಳು ಬೇಸರಿಸಬಾರದು, ಪ್ಲಾಟಿನ ಹುಡುಕಾಟಕ್ಕೆ ಧಾರವಾಡವನ್ನೇ ಇಟ್ಟುಕೊಂಡಿದ್ದೇವೆ. ಮನೆ ನೋಡಲು ಮೇ ತಿಂಗಳಲ್ಲಿ ಬಂದರೆ ತಡವಾದೀತೇ?

ಉಣಕಲ್ ನಿವಾಸಿ

ಏಪ್ರಿಲ್‌ನಲ್ಲಿಯೇ ಬನ್ನಿ. ಮೇ ಕೊನೆಗೆ ಕಾಲೇಜು ಪ್ರವೇಶದ ಗಡಿಬಿಡಿ ಆರಂಭವಾದರೆ ನೆಲಮಹಡಿಯ ಮನೆಗಳು ಪಿಜಿ ನಡೆಸುವವರ ಪಾಲಾಗುತ್ತವೆ. ಮಧ್ಯವರ್ತಿಗಳಿಗೆ ಫೋನು ಮಾಡುವ ಮೊದಲು ಒಂದು ಸಂಜೆ ಶಿರೂರ ಪಾರ್ಕಿನ ಅಡ್ಡರಸ್ತೆಗಳಲ್ಲಿ ನಡೆದು ಬನ್ನಿ, ಬಾಡಿಗೆಯ ಫಲಕಗಳು ಇನ್ನೂ ಗೇಟಿಗೇ ತೂಗುತ್ತಿರುತ್ತವೆ. ಶಾಲೆಯ ಅರ್ಜಿಯನ್ನು ಮಾತ್ರ ಮನೆ ಸಿಗುವವರೆಗೆ ಕಾಯಿಸದೆ ಈಗಲೇ ಹಾಕಿಬಿಡಿ.