ಸಿದ್ಧ ಉಡುಪು ಹಡಗಿನಲ್ಲಿ ಕಳಿಸುವವರ ಪ್ರಶ್ನೋತ್ತರ: ಡಬ್ಬಿಯ ಅಳತೆ, ತೇವ, ವಿಮೆ

ಪ್ರಶ್ನೆ: ಹತ್ತಿಯ ಟೀ ಶರ್ಟು ಮತ್ತು ಶರ್ಟು, ಒಟ್ಟು 180 ಕಾರ್ಟನ್. ಒಂದೊಂದೂ 60×40×40 ಸೆಂ.ಮೀ., 14 ಕೆಜಿ. ಎಲ್ಲ ಸೇರಿದರೂ ತೂಕ ಎರಡೂವರೆ ಟನ್ ಅಷ್ಟೇ. ಸಾಗಣೆ ಏರ್ಪಾಡು ಮಾಡುವ ಫಾರ್ವರ್ಡರ್ ಮಾತ್ರ 17ಕ್ಕೂ ಹೆಚ್ಚು ಯೂನಿಟ್‌ಗೆ ದರ ಹಾಕಿದ್ದಾರೆ. ಸರಿಯೇ?

ಉತ್ತರ (ಫಾರ್ವರ್ಡಿಂಗ್ ವಿಭಾಗದಿಂದ): ಲೆಕ್ಕ ಸರಿ ಇದೆ. ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಹೋಗುವ ಎಲ್‌ಸಿಎಲ್‌ನಲ್ಲಿ ಪ್ರತಿ ಘನ ಮೀಟರ್ ಅಥವಾ ಪ್ರತಿ 1000 ಕೆಜಿ, ಯಾವುದು ಹೆಚ್ಚು ಬರುತ್ತದೋ ಅದಕ್ಕೆ ಬಾಡಿಗೆ. ಅಂಥ ಒಂದೊಂದೂ ಒಂದು ಯೂನಿಟ್. ನಿಮ್ಮ ಒಂದು ಕಾರ್ಟನ್ 0.096 ಘನ ಮೀಟರ್, 180ಕ್ಕೆ 17.28. ತೂಕ ಬರೀ 2.52 ಟನ್. ಬಟ್ಟೆಗೆ ಯಾವಾಗಲೂ ಜಾಗದ ಲೆಕ್ಕವೇ ಮೇಲಾಗುತ್ತದೆ.

ಗೋದಾಮಿನಲ್ಲಿ ಅಳೆಯುವುದು ನೀವು ಆರ್ಡರ್ ಕೊಟ್ಟ ಡಬ್ಬಿಯ ಅಳತೆಯನ್ನಲ್ಲ, ತುಂಬಿದ ಡಬ್ಬಿಯ ಹೊರ ಅಳತೆಯನ್ನು. ಒತ್ತಿ ತುಂಬಿದ ಡಬ್ಬಿಯ ಮುಚ್ಚಳ 3 ಸೆಂ.ಮೀ. ಉಬ್ಬಿತೆಂದರೆ ಎತ್ತರ 43 ಆಗುತ್ತದೆ, ಒಟ್ಟು 18.58 ಘನ ಮೀಟರ್. ಖಾಲಿ ಗಾಳಿಗೆ 1.3 ಯೂನಿಟ್ ಬಾಡಿಗೆ ಕೊಟ್ಟ ಹಾಗೆ. ಪ್ರತಿ ಡಬ್ಬಿಯಲ್ಲಿ ಒಂದೆರಡು ಪೀಸ್ ಕಡಿಮೆ ಹಾಕಿ ಮುಚ್ಚಳ ಸಪಾಟಾಗಿ ಕೂರುವಂತೆ ಮಾಡಿ. ಒಂದಷ್ಟು ಡಬ್ಬಿ ಹೆಚ್ಚಾಗಬಹುದು, ಆದರೆ ಅಡುಕಿದಾಗ ಉಬ್ಬಿದ ಡಬ್ಬಿಯೇ ಮೊದಲು ಕುಸಿಯುವುದು.

ಇನ್ನೊಂದು ಮಾತು. ಸರಕು 15 ಘನ ಮೀಟರ್ ದಾಟಿತೆಂದರೆ ಪೂರ್ತಿ 20 ಅಡಿ ಕಂಟೇನರಿನ ದರವನ್ನೂ ಕೇಳಿ, ತಲುಪುವ ಬಂದರಿನ ಖರ್ಚು ಸೇರಿಸಿ ಹೋಲಿಸಿ. ಎಲ್‌ಸಿಎಲ್‌ನ ಸಾಗಣೆ ದರ ಅಗ್ಗವಾಗಿ ಕಂಡರೂ ಆ ಕಡೆಯ ಗೋದಾಮು, ಬಿಡಿಸುವಿಕೆಯ ಖರ್ಚು ಘನ ಮೀಟರ್ ಲೆಕ್ಕದಲ್ಲೇ ಬೀಳುತ್ತದೆ.

ಪ್ರಶ್ನೆ: 20 ಅಡಿಯಲ್ಲಿ 33 ಘನ ಮೀಟರ್ ಜಾಗ ಅಂತಾರೆ. ಹಾಗಾದರೆ ಇದೇ ಡಬ್ಬಿ 340 ಹಿಡಿಯಬೇಕಲ್ಲ?

ಉತ್ತರ (ಲೋಡಿಂಗ್ ಮೇಲ್ವಿಚಾರಣೆ): ಹಿಡಿಯುವುದಿಲ್ಲ. ಒಳಗಿನ ಉದ್ದ ಸುಮಾರು 590, ಅಗಲ 235, ಎತ್ತರ 239 ಸೆಂ.ಮೀ. 40 ಸೆಂ.ಮೀ. ಬದಿಯನ್ನು ಅಡ್ಡಕ್ಕಿಟ್ಟರೆ ಅಗಲಕ್ಕೆ 5, ಉದ್ದಕ್ಕೆ 9, ಅಂದರೆ ಒಂದು ಪದರಕ್ಕೆ 45. ಐದು ಪದರಕ್ಕೆ 225. ಒಂದೇ ಒಂದು ಸಾಲನ್ನು ತಿರುಗಿಸಿ 60ರ ಬದಿ ಅಡ್ಡ ಬರುವಂತೆ ಇಡಿ: ಆ ಸಾಲಿಗೆ 14 ಕೂರುತ್ತವೆ, ಉಳಿದ ನಾಲ್ಕು ಸಾಲಿಗೆ 36, ಪದರಕ್ಕೆ 50, ಒಟ್ಟು 250. ಡಬ್ಬಿ ಅದೇ, ಕಂಟೇನರೂ ಅದೇ. ಡಬ್ಬಿಯ ಅಳತೆ ನಿರ್ಧರಿಸುವ ಮೊದಲೇ ಕಾಗದದ ಮೇಲೆ ಈ ಚಿತ್ರ ಬರೆದುಕೊಳ್ಳಬೇಕು.

ನಿಮ್ಮ 180ಕ್ಕೆ 45ರಂತೆ ನಾಲ್ಕು ಪದರ ಸರಿಹೋಗುತ್ತದೆ. ಅಗಲದಲ್ಲಿ 35, ಬಾಗಿಲ ಕಡೆ 50 ಸೆಂ.ಮೀ. ಖಾಲಿ ಉಳಿಯುತ್ತದೆ. ಆ ಸಂದಿಗೆ ಗಾಳಿಚೀಲ ತುಂಬಿಸಿ, ಇಲ್ಲದಿದ್ದರೆ ಹಡಗು ಓಲಾಡುವಾಗ ಸಾಲು ಜಾರುತ್ತದೆ. ಡಬ್ಬಿಯ ಮೇಲೆ ಡಬ್ಬಿ ಮೂಲೆಗೆ ಮೂಲೆ ಸೇರುವಂತೆ ಇಡಿ. ಭಾರ ಹೊರುವುದು ಮೂಲೆಗಳು. ಇಟ್ಟಿಗೆ ಗೋಡೆಯ ಹಾಗೆ ಅಡ್ಡಡ್ಡ ಇಟ್ಟರೆ ಕೆಳಗಿನವು ನಜ್ಜಾಗುತ್ತವೆ.

ತುಂಬಿದ ಕಂಟೇನರಿನ ದೃಢೀಕೃತ ತೂಕ, ಅಂದರೆ ವಿಜಿಎಂ, ಕೊಡದೆ ಹಡಗಿಗೆ ಹತ್ತಿಸುವುದಿಲ್ಲ. 2016ರ ಜುಲೈ 1ರಿಂದ ಇದು ಅಂತರರಾಷ್ಟ್ರೀಯ ನಿಯಮ. ಸರಕು, ಗಾಳಿಚೀಲ, ಪ್ಯಾಲೆಟ್ ತೂಕಕ್ಕೆ ಬಾಗಿಲ ಮೇಲೆ ಬರೆದಿರುವ ಖಾಲಿ ತೂಕ ಸೇರಿಸಿ. ಮರದ ಪ್ಯಾಲೆಟ್ ಇದ್ದರೆ, ಕೀಟ ಕೊಲ್ಲಲು ಸಂಸ್ಕರಿಸಿದ ಮರವೆಂದು ತೋರಿಸುವ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು.

ಪ್ರಶ್ನೆ: ಕಳೆದ ಸಲ ಮೇಲಿನ ಪದರದ ಡಬ್ಬಿಗಳು ನೆನೆದು ಬೂಷ್ಟು ಹಿಡಿದಿದ್ದವು. ಕಂಟೇನರಿನಲ್ಲಿ ತೂತು ಇರಲಿಲ್ಲ. ನೀರು ಬಂದದ್ದು ಎಲ್ಲಿಂದ?

ಉತ್ತರ (ಪ್ಯಾಕಿಂಗ್ ಮತ್ತು ಗುಣಮಟ್ಟ): ಬಟ್ಟೆಯಿಂದಲೇ. 20 ಡಿಗ್ರಿ ಉಷ್ಣಾಂಶ, ಶೇ. 65 ಆರ್ದ್ರತೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರು ಹಿಡಿದುಕೊಂಡಿರುತ್ತದೆ. 2000 ಕೆಜಿ ಒಣ ಹತ್ತಿಗೆ ಅದು 170 ಲೀಟರ್. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಇದು ಶೇ. 0.4 ಮಾತ್ರ. ಹಗಲು ಬಿಸಿಲಿಗೆ ಕಂಟೇನರ್ ಕಾದಾಗ ಬಟ್ಟೆಯೂ ರಟ್ಟೂ ಆ ತೇವದ ಒಂದಂಶವನ್ನು ಗಾಳಿಗೆ ಬಿಡುತ್ತವೆ. ರಾತ್ರಿ ಉಕ್ಕಿನ ಚಾವಣಿ ತಣ್ಣಗಾದಾಗ ಅಲ್ಲಿ ಹನಿಗಟ್ಟಿ ಮೇಲಿನ ಪದರಕ್ಕೆ ತೊಟ್ಟಿಕ್ಕುತ್ತದೆ. ಬಿಸಿ ದೇಶದಿಂದ ಚಳಿ ದೇಶಕ್ಕೆ ಹೋಗುವಾಗ ಇದು ಜೋರು. ಕಂಟೇನರಿನ ಪುಟ್ಟ ಗಾಳಿಕಿಂಡಿಗಳಿಂದ ಇದಕ್ಕೆ ಪರಿಹಾರ ಸಿಗುವುದಿಲ್ಲ.

ತಡೆಯುವುದು ಕಾರ್ಖಾನೆಯಲ್ಲೇ. ಇಸ್ತ್ರಿಯ ಹಬೆ ಆರುವ ಮುಂಚೆ ಪಾಲಿಬ್ಯಾಗಿಗೆ ಹಾಕಬೇಡಿ. ಇಲ್ಲಿ ಆತುರಪಟ್ಟರೆ ಮುಂದಿನ ಯಾವ ಉಪಾಯವೂ ಪೂರ್ತಿ ಕೆಲಸ ಮಾಡುವುದಿಲ್ಲ. ಡಬ್ಬಿಗಳನ್ನು ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡಬೇಡಿ. ಖಾಲಿ ಕಂಟೇನರ್ ಬಂದಾಗ ಒಳಗೆ ನಿಂತು ಬಾಗಿಲು ಮುಚ್ಚಿಸಿ: ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ವಾಪಸ್ ಕಳಿಸಿ. ವಾಸನೆ ನೋಡಿ, ನೆಲದ ಹಲಗೆ ಹಸಿಯಿದೆಯೇ ಮುಟ್ಟಿ ನೋಡಿ. ಗೋಡೆಯ ಕೊಕ್ಕೆಗಳಿಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪಟ್ಟಿ ತೂಗುಹಾಕಿ, ಮೇಲಿನ ಪದರಕ್ಕೆ ಹೀರುವ ಹಾಳೆ ಹೊದಿಸಿ. ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣ ಇಡೀ ಕಂಟೇನರಿನ ತೇವಕ್ಕೆ ಸಾಲದು. ಬೂಷ್ಟು ತಡೆಯುತ್ತದೆಂದು ಯಾರಾದರೂ ಡೈಮೀಥೈಲ್ ಫ್ಯೂಮರೇಟ್ ಪೊಟ್ಟಣ ಕೊಟ್ಟರೆ ಮುಟ್ಟಲೂ ಬೇಡಿ. ಅದು ಚರ್ಮ ಸುಡುತ್ತದೆ. ಯುರೋಪಿಯನ್ ಒಕ್ಕೂಟ 2009ರಲ್ಲೇ ನಿಷೇಧಿಸಿದೆ.

ಪ್ರಶ್ನೆ: ಬಿಳಿ ಬಟ್ಟೆ ಮಡಿಕೆಯ ಅಂಚಿನಲ್ಲಷ್ಟೇ ಹಳದಿಯಾಗಿತ್ತು. ಅದೂ ತೇವವೇ?

ಉತ್ತರ (ಪ್ಯಾಕಿಂಗ್ ಮತ್ತು ಗುಣಮಟ್ಟ): ಬಹುಮಟ್ಟಿಗೆ ಅಲ್ಲ. ಕೆಲವು ಪಾಲಿಬ್ಯಾಗುಗಳಲ್ಲಿ ಬಿಎಚ್‌ಟಿ ಎಂಬ ರಾಸಾಯನಿಕ ಇರುತ್ತದೆ. ಅದು ಬಟ್ಟೆಗೆ ಇಳಿದು, ವಾಹನ ಮತ್ತು ಡೀಸೆಲ್ ಫೋರ್ಕ್‌ಲಿಫ್ಟ್ ಹೊಗೆಯ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿದರೆ ಹಳದಿ ಬಣ್ಣ. ಗಾಳಿ ತಾಗುವುದು ಅಂಚಿಗೆ, ಆದ್ದರಿಂದ ಕಲೆಯೂ ಅಲ್ಲೇ. ಒಂದು ಪೀಸನ್ನು ಬಿಸಿಲಿಗೆ ಹಿಡಿದು ನೋಡಿ. ಬಣ್ಣ ಮಾಸಿದರೆ ಇದೇ ಕಾರಣವಿರುವ ಸಂಭವ ಹೆಚ್ಚು. ಬಿಎಚ್‌ಟಿ ಇಲ್ಲದ ಚೀಲ ಕೇಳಿ ತರಿಸಿ.

ಪ್ರಶ್ನೆ: ಸಿಐಎಫ್ (ಬೆಲೆಯಲ್ಲೇ ವಿಮೆ, ಹಡಗು ಬಾಡಿಗೆ ಸೇರಿದ್ದು) ಮೇಲೆ ಮಾರಿದ್ದೇವೆ, ವಿಮೆ ಇದೆ. ಇಂಥ ನಷ್ಟಕ್ಕೆ ದುಡ್ಡು ಬರುತ್ತದೆಯೇ?

ಉತ್ತರ (ಫಾರ್ವರ್ಡಿಂಗ್ ವಿಭಾಗದಿಂದ): ಪಾಲಿಸಿ ತೆಗೆದು ಯಾವ ಕ್ಲಾಸ್, ಅಂದರೆ ಯಾವ ಷರತ್ತು, ಅಂತ ಓದಿ. ಸಿಐಎಫ್‌ನಲ್ಲಿ ಮಾರುವವರು ಕನಿಷ್ಠ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್ 'ಸಿ' ಕೊಟ್ಟರೆ ಸಾಕು. ಅದರಲ್ಲಿ ಬೆಂಕಿ, ಹಡಗು ಮುಳುಗುವುದು, ಡಿಕ್ಕಿಯಂಥವಕ್ಕೆ ರಕ್ಷಣೆ ಉಂಟು. ಕಳವಿಗಾಗಲಿ ನೀರು ನುಗ್ಗಿದ್ದಕ್ಕಾಗಲಿ ಇಲ್ಲ. ಬಟ್ಟೆಗೆ ಹೆಚ್ಚು ವ್ಯಾಪಕ ರಕ್ಷಣೆಯ 'ಎ' ತೆಗೆದುಕೊಳ್ಳಿ. 'ಎ' ಇದ್ದರೂ ಸರಕಿನ ಸ್ವಂತ ಗುಣದಿಂದ ಆದ ಹಾನಿ, ಸಾಲದ ಪ್ಯಾಕಿಂಗ್, ತಡವಾದದ್ದರಿಂದ ಆದ ನಷ್ಟ ಹೊರಗೇ. ಹಸಿ ಬಟ್ಟೆ ಪ್ಯಾಕ್ ಮಾಡಿದ್ದೀರಿ ಎಂದು ವಿಮಾ ಕಂಪನಿಯವರು ಹೇಳಿದರೆ ತೋರಿಸಲು ದಾಖಲೆ ಬೇಕು: ತೇವಮಾಪಕದ ಓದು, ಖಾಲಿ ಕಂಟೇನರಿನ ಚಿತ್ರ, ಪ್ರತಿ ಪದರದ ಚಿತ್ರ, ಸೀಲ್ ಸಂಖ್ಯೆ.

ವಿಮೆಯೇ ಬೇಡ ಅನ್ನುವವರು 2021ರ ಎವರ್ ಗಿವನ್ ನೆನಪಿಡಿ. ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ಆ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಾಗೆ ಘೋಷಿಸಿದರೆ ಹಡಗನ್ನು ಬಿಡಿಸಿದ ಖರ್ಚಿನಲ್ಲಿ ಸರಕಿನವರೂ ಪಾಲು ಕೊಡಬೇಕು, ತಮ್ಮ ಡಬ್ಬಿಗೆ ಗೀರೂ ಬಿದ್ದಿರದಿದ್ದರೂ. ವಿಮೆ ಇದ್ದರೆ ಖಾತರಿಪತ್ರ ಕೊಡುವುದು ಕಂಪನಿ. ಇಲ್ಲದಿದ್ದರೆ ಠೇವಣಿ ಕಟ್ಟಿಯೇ ಸರಕು ಬಿಡಿಸಿಕೊಳ್ಳಬೇಕು.

ಪ್ರಶ್ನೆ: ಟೀ ಶರ್ಟು, ಶರ್ಟು ಎರಡನ್ನೂ ಇನ್‌ವಾಯ್ಸಿನಲ್ಲಿ "ಹತ್ತಿ ಉಡುಪು" ಅಂತ ಒಂದೇ ಸಾಲಿನಲ್ಲಿ ಬರೆಯಬಹುದೇ?

ಉತ್ತರ (ಫಾರ್ವರ್ಡಿಂಗ್ ವಿಭಾಗದಿಂದ): ಬೇಡ. ಹೆಣೆದ ಬಟ್ಟೆ ಎಚ್‌ಎಸ್ (ಸರಕು ವಿಂಗಡಣೆಯ ಅಂತರರಾಷ್ಟ್ರೀಯ ಸಂಕೇತ ಪಟ್ಟಿ) ಅಧ್ಯಾಯ 61, ನೇಯ್ದದ್ದು 62. ಟೀ ಶರ್ಟು 6109, ಗಂಡಸರ ನೇಯ್ದ ಶರ್ಟು 6205. ಸುಂಕ ಬೇರೆಬೇರೆ ಇರಬಹುದು. ನಾರಿನ ಶೇಕಡಾವಾರು, ಗಂಡಸರದೋ ಹೆಂಗಸರದೋ, ಎಷ್ಟು ಪೀಸು ಎಲ್ಲ ಬಿಡಿಸಿ ಬರೆಯಿರಿ. ಉಡುಪಿನ ಲೇಬಲ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮೂರರಲ್ಲೂ ಒಂದೇ ಇರಲಿ. ಲೇಬಲ್ಲಿನಲ್ಲಿ ಶೇ. 95 ಹತ್ತಿ, ಕಾಗದದಲ್ಲಿ ಶೇ. 100 ಎಂದಿದ್ದರೆ ಕಸ್ಟಮ್ಸ್ ಕಂಟೇನರ್ ತೆಗೆಸಿ ನೋಡಬಹುದು, ಆ ದಿನಗಳ ಬಂದರು ಬಾಡಿಗೆ ಸರಕಿನ ಮೇಲೆಯೇ ಬೀಳುತ್ತದೆ.